ಖಜಾಂಚಿಯನ್ನು ಹುಡುಕಿಕೊಟ್ಟ ಸೇವೆ: ಒಂದು ವರ್ಷ ನೋಡಿದ ಮೇಲೆ

ನಮ್ಮದು ವಿಜಯಪುರದ ಒಂದು ಸಣ್ಣ ಸಂಸ್ಥೆ. ಹಳ್ಳಿಗಳಿಂದ ಓದಲು ಬರುವ ಹುಡುಗಿಯರಿಗೆ ಉಚಿತ ವಸತಿ ಮತ್ತು ಊಟ. ಈ ವರ್ಷ ಮೂವತ್ತೆಂಟು ಮಕ್ಕಳಿದ್ದಾರೆ. ಇಂಡಿ, ಸಿಂದಗಿ, ಚಡಚಣ ಕಡೆಯವರೇ ಹೆಚ್ಚು. ಎಷ್ಟೋ ಮಕ್ಕಳ ತಂದೆತಾಯಿ ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಹೋಗುತ್ತಾರೆ, ಇಲ್ಲವೆ ಗೋವಾಕ್ಕೆ ಗುಳೆ ಹೋಗುತ್ತಾರೆ. ಸಂಸ್ಥೆಯನ್ನು ಕಟ್ಟಿದವರು ನನ್ನ ಮಾವನವರು. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ಇದರ ಕಾರ್ಯದರ್ಶಿಯಾದೆ. ಹಳಗನ್ನಡ ಕೇಳಿದರೆ ಹೇಳಬಲ್ಲೆ. ಅಢಾವೆ ಪತ್ರಿಕೆ (ಸಂಸ್ಥೆಯ ಆಸ್ತಿ-ಸಾಲದ ತಖ್ತೆ) ಓದುವುದು ಮಾತ್ರ ಈ ಒಂದು ವರ್ಷದಲ್ಲಿ ಕಲಿತದ್ದು.

ನಮ್ಮ ಖಜಾಂಚಿಯವರು ಇಪ್ಪತ್ತೆರಡು ವರ್ಷ ಕಿರ್ದಿ ಬರೆದವರು. ಒಂದು ಅಂಕಿಯೂ ತಿದ್ದಿದ್ದಿಲ್ಲ, ಅಷ್ಟು ಚೊಕ್ಕ ಕೈಬರಹ. 2024ರ ದಸರೆಯ ಹೊತ್ತಿಗೆ ಅವರ ಕಣ್ಣು ಸೋತಿತು. ಒಂದು ದಿನ ಕಪಾಟಿನ ಕೀಲಿಕೈ ತಂದು ನನ್ನ ಟೇಬಲ್ಲಿನ ಮೇಲಿಟ್ಟು, “ಅಕ್ಕಾವರೇ, ಮೂರು ಬರೆದದ್ದು ಎಂಟಾಗಿ ಕಾಣುತ್ತದೆ. ಇನ್ನು ನಾನು ಬರೆದರೆ ಸಂಸ್ಥೆಗೆ ಕೇಡು” ಎಂದರು. ನಾಲ್ಕು ತಿಂಗಳು ಪರಿಚಯದವರಲ್ಲೆಲ್ಲ ಕೇಳಿದೆವು. ಸಿದ್ಧೇಶ್ವರ ಜಾತ್ರೆಯಲ್ಲಿ ಭೇಟಿಯಾದವರನ್ನೂ ಬಿಡಲಿಲ್ಲ. ದೇಣಿಗೆ ಕೊಡುವವರು ಸಿಕ್ಕರು, ಒಂದು ದಿನದ ಊಟದ ಖರ್ಚು ಹೊರುವವರು ಸಿಕ್ಕರು, ಗೌರವಾಧ್ಯಕ್ಷರಾಗಲು ಇಬ್ಬರು ತಾವಾಗಿಯೇ ಬಂದರು. ಲೆಕ್ಕದ ವಹಿ ಮುಂದಿಟ್ಟುಕೊಂಡು ಕೂರುವವರು ಒಬ್ಬರೂ ಸಿಗಲಿಲ್ಲ.

ನನಗೆ ಇದು ಬಹಳ ನೋವಿನ ಸಂಗತಿಯಾಗಿತ್ತು, ಅದಕ್ಕೆ ಕಾರಣವೂ ಇದೆ. ಫ.ಗು. ಹಳಕಟ್ಟಿಯವರು ವಕೀಲಿ ಮಾಡಿದ ಊರು ಇದು. ಅವರನ್ನು ವಚನಗಳಿಗಾಗಿ ನೆನೆಯುತ್ತೇವೆ, ಸರಿ. ಆದರೆ 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಗೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ಅಡಿಪಾಯ ಹಾಕುವಾಗ ಅವರು ಕೊಟ್ಟದ್ದರಲ್ಲಿ ಕಾನೂನಿನ ತಿಳಿವಳಿಕೆಯೂ ಸೇರಿತ್ತು ಎಂಬುದನ್ನು ಮರೆಯುತ್ತೇವೆ. ವೃತ್ತಿಯಲ್ಲಿ ಕಲಿತದ್ದನ್ನು ಸಂಸ್ಥೆಗೆ ಧಾರೆಯೆರೆಯುವುದು ಈ ಊರಿಗೆ ಹೊಸದಲ್ಲ. ಆದರೂ ನಮಗೆ ಒಬ್ಬರು ಸಿಗದೆ ಹೋದರು.

ಆಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಸೇವೆಯ ಬಗ್ಗೆ ಹೇಳಿದಳು. ಬೆಂಗಳೂರಿನಿಂದ ನಡೆಯುತ್ತದೆ. ಲೆಕ್ಕ, ಕಾನೂನು, ಕಟ್ಟಡ, ಕಂಪ್ಯೂಟರ್ ಹೀಗೆ ಏನಾದರೊಂದು ಬಲ್ಲವರು ಸಂಬಳವಿಲ್ಲದೆ ಸಮಯ ಕೊಡಲು ಹೆಸರು ನೋಂದಾಯಿಸುತ್ತಾರೆ; ಅಂಥವರನ್ನು ಸೇವಾ ಸಂಸ್ಥೆಗಳ ಕಾರ್ಯಕಾರಿ ಮಂಡಳಿಗೆ ಜೋಡಿಸುವುದು ಇವರ ಕೆಲಸ. ಸಂಸ್ಥೆಗಳಿಗೆ ನೋಂದಣಿ ಉಚಿತ. ಜೋಡಿ ಕೂಡಿ, ಬಂದವರು ಮಂಡಳಿಯ ಸದಸ್ಯರಾದ ಮೇಲೆ 2,500 ರೂಪಾಯಿ ಕೊಡಬೇಕು. ಸೇವೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ದೂರುಗಳನ್ನು ಅವರಿಗೇ ನೇರವಾಗಿ ಬರೆದು ತಿಳಿಸಿದ್ದೇನೆ. ಇಂಥ ಕೆಲಸ ಮಾಡುವವರು ಬೇರೆಯವರೂ ಇದ್ದಾರೆ. ಯಾರ ಬಳಿ ಹೋದರೂ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಸಣ್ಣ ಸಂಸ್ಥೆಗಳವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಅರ್ಜಿಯ ವಿಷಯ. 2025ರ ಫೆಬ್ರುವರಿಯಲ್ಲಿ ತುಂಬಿದೆ. ಇಡೀ ಅರ್ಜಿ ಇಂಗ್ಲಿಷಿನಲ್ಲಿತ್ತು. ನಾನು ಹೇಗೋ ತುಂಬಿದೆ. ಆದರೆ ತಾಳಿಕೋಟೆಯಲ್ಲೋ ಮುದ್ದೇಬಿಹಾಳದಲ್ಲೋ ಅನಾಥ ಮಕ್ಕಳನ್ನು ಸಾಕುತ್ತಿರುವ ಒಬ್ಬ ತಾಯಿ ಇದನ್ನು ಹೇಗೆ ತುಂಬಬೇಕು? ‘ಯಾವ ಕೌಶಲ ಬೇಕು’ ಎಂಬಲ್ಲಿ ಒಂದು ಪಟ್ಟಿ ಕೊಟ್ಟಿದ್ದರು. ಮಾರುಕಟ್ಟೆ ತಂತ್ರ, ಬ್ರ್ಯಾಂಡ್ ಬೆಳೆಸುವುದು, ಸಾಮಾಜಿಕ ಜಾಲತಾಣ, ನಿಧಿ ಸಂಗ್ರಹ ಇತ್ಯಾದಿ ಹದಿನಾರು ಬಾಬುಗಳು. ಸರಕಾರಿ ಕಚೇರಿಗೆ ತಕ್ಕ ಅರ್ಜಿ ಬರೆಯಬಲ್ಲವರು, ಜಾಗದ ಉತಾರ (ಮಾಲೀಕತ್ವದ ದಾಖಲೆ) ಓದಬಲ್ಲವರು, ಸೋರುವ ಮಾಳಿಗೆಯನ್ನು ನೋಡಿ ಎಷ್ಟು ಖರ್ಚು ಬಂದೀತು ಎಂದು ಹೇಳಬಲ್ಲವರು ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮಂಥ ಸಂಸ್ಥೆಗಳಿಗೆ ಬೇಕಾಗುವುದು ಇವರೇ. ನಾನೂ ಆ ಪಟ್ಟಿಯ ಸೆಳೆತಕ್ಕೆ ಸಿಕ್ಕಿ ‘ನಿಧಿ ಸಂಗ್ರಹ’ಕ್ಕೆ ಗುರುತು ಹಾಕಿದೆ. ದುಡ್ಡು ತರುವವರು ಬಂದರೆ ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ ಎಂದು ನನ್ನ ಮನಸ್ಸಿನಲ್ಲಿತ್ತು.

ಈ ತಪ್ಪನ್ನು ತಿದ್ದಿದವರು ಆ ಸೇವೆಯ ಸಂಯೋಜಕಿ. ಅರ್ಜಿ ಹೋದ ಹನ್ನೆರಡನೆಯ ದಿನ ಫೋನು ಬಂತು. ಮೈಸೂರು ಕಡೆಯ ಹುಡುಗಿ. ನಾನು ‘ಠರಾವು’ ಎಂದರೆ ಅವಳು ‘ನಿರ್ಣಯ’ ಎನ್ನುವಳು, ನಾನು ‘ಕಿರ್ದಿ’ ಎಂದರೆ ಅವಳು ‘ನಗದು ಪುಸ್ತಕ’ ಎಂದು ಬರೆದುಕೊಳ್ಳುವಳು. ಒಂದು ಗಂಟೆಗೂ ಮೇಲೆ ಮಾತನಾಡಿದಳು. ಎಷ್ಟು ಹಣ ಬೇಕು ಎಂದು ಒಮ್ಮೆಯೂ ಕೇಳಲಿಲ್ಲ. ಕಳೆದ ಸಭೆಯಲ್ಲಿ ಎಷ್ಟು ಜನ ಬಂದಿದ್ದರು, ಯಾವ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು, ಚೆಕ್ಕಿಗೆ ಯಾರು ಯಾರು ಸಹಿ ಮಾಡುತ್ತಾರೆ, ಹಳೆಯ ಖಜಾಂಚಿ ಯಾಕೆ ಬಿಟ್ಟರು, ಇವೇ ಅವಳ ಪ್ರಶ್ನೆಗಳು. ಕೊನೆಗೆ, “ಮೇಡಂ, ನೀವು ಹೇಳಿದ್ದನ್ನೆಲ್ಲ ನೋಡಿದರೆ ನಿಮಗೆ ಬೇಕಾಗಿರುವುದು ಲೆಕ್ಕ ನೋಡುವವರು. ನಿಧಿ ಸಂಗ್ರಹ ಅಂತ ಗುರುತು ಹಾಕಿದ್ದೀರಿ, ಬದಲಾಯಿಸಲೇ?” ಎಂದಳು. ನಾನು ಒಪ್ಪಿದೆ. ಈ ಸೇವೆಯಲ್ಲಿ ನಾನು ಕಂಡ ಅತ್ಯುತ್ತಮ ಕೆಲಸ ಆ ಒಂದು ಫೋನಿನ ಕರೆ. ಅದನ್ನು ಯಾವ ಅರ್ಜಿಯೂ ಮಾಡಲಾರದು.

ಅವಳು ಬೇಡಿದ ಕಾಗದಗಳಲ್ಲಿ ಸಂಸ್ಥೆಯ ಉಪವಿಧಿಗಳು, ಮೂರು ವರ್ಷದ ಲೆಕ್ಕ ಪರಿಶೋಧನೆಯ ವರದಿ ಮತ್ತು ಹಿಂದಿನ ಆರು ಸಭೆಗಳ ನಡಾವಳಿ ಇದ್ದವು. ಉಪವಿಧಿಗಳು ಸಿಕ್ಕವು, ಪರಿಶೋಧನೆಯ ವರದಿಗಳೂ ಸಿಕ್ಕವು. ನಡಾವಳಿ ಪುಸ್ತಕ ತೆರೆದಾಗ ನನ್ನ ಕೈ ನಿಂತುಹೋಯಿತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಅದರಲ್ಲಿ ಎರಡು ಪುಟ ಖಾಲಿ. ಪುಟದ ಕೆಳಗೆ ಮಾತ್ರ ಏಳು ಜನರ ಸಹಿ. ಸದಸ್ಯರು ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಮುಂಚೆಯೇ ಸಹಿ ಮಾಡಿಸಿ ಇಟ್ಟುಕೊಂಡು, ಬ್ಯಾಂಕಿನವರು ಠರಾವು ಕೇಳಿದಾಗ ಮೇಲಿನ ಜಾಗದಲ್ಲಿ ಬರೆಯುವುದು ರೂಢಿಯಾಗಿಬಿಟ್ಟಿತ್ತು. ಹಣ ಯಾರೂ ತಿಂದಿಲ್ಲ, ಇದನ್ನು ನಾನು ಎದೆ ಮುಟ್ಟಿಕೊಂಡು ಹೇಳಬಲ್ಲೆ. ಆದರೆ ನಡೆಯದ ಸಭೆಗೆ ಏಳು ಸಹಿ ಇರುವುದು ಸುಳ್ಳೇ. ನಾನು ಕಾರ್ಯದರ್ಶಿಯಾದ ಮೇಲೂ ಅದು ನಡೆದಿತ್ತು. ಮುಚ್ಚಿಡಬಹುದಿತ್ತು. ಎರಡು ರಾತ್ರಿ ಯೋಚಿಸಿ, ಆ ಖಾಲಿ ಪುಟಗಳ ಫೋಟೋವನ್ನೂ ಸೇರಿಸಿ ಕಳಿಸಿದೆ. ಸಂಯೋಜಕಿ ಫೋನು ಮಾಡಿ, “ಇದನ್ನು ಬರುವವರಿಗೂ ತೋರಿಸುತ್ತೇನೆ. ನೋಡಿಯೂ ಬರುತ್ತೇನೆ ಎಂದವರನ್ನು ಮಾತ್ರ ನಿಮ್ಮ ಕಡೆ ಕಳಿಸುತ್ತೇನೆ” ಎಂದಳು.

ಮಂಡಳಿಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ನಮ್ಮದು ಏಳು ಜನರ ಮಂಡಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ನನ್ನ ಮಾವನವರು ಅಷ್ಟೇ ಜನರನ್ನು ಕೂಡಿಸಿದ್ದರು, ಆ ಏಳೇ ಮುಂದುವರಿದಿತ್ತು. ಒಬ್ಬರು ತೀರಿಕೊಂಡರೆ ಅವರ ಮನೆಯಿಂದಲೇ ಇನ್ನೊಬ್ಬರು ಬರುತ್ತಿದ್ದರು. “ಕಂಡರಿಯದವರಿಗೆ ಮನೆಯ ವಹಿ ತೋರಿಸುವುದೆಂದರೇನು?” ಎಂದು ಅಧ್ಯಕ್ಷರು ಸಿಟ್ಟಾದರು. ಹಿರಿಯರು, ಅವರ ಮಾತನ್ನು ನಾನು ಎಂದೂ ತೆಗೆದುಹಾಕಿದವಳಲ್ಲ. ಅಂದು ಮಾತ್ರ, “ಜನರು ಕೊಟ್ಟ ದುಡ್ಡಿನ ವಹಿ ಅಣ್ಣಾ, ಮನೆಯದಲ್ಲ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಿದ್ದರೆ ಕಳಿಸು” ಎಂದರು.

ಏಪ್ರಿಲಿನಲ್ಲಿ ಮೂವರ ವಿವರ ಬಂತು. ಅವೂ ಇಂಗ್ಲಿಷಿನಲ್ಲೇ. ಸಭೆಗಾಗಿ ನಾನೇ ಫುಲ್‌ಸ್ಕೇಪ್ ಹಾಳೆಯಲ್ಲಿ ಕನ್ನಡಕ್ಕೆ ಬರೆದೆ, ಒಂದು ಇಡೀ ಭಾನುವಾರ ಅದಕ್ಕೇ ಹೋಯಿತು. ಮೊದಲನೆಯವರು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್. ವರ್ಷಕ್ಕೆ ಒಮ್ಮೆ ಬರುತ್ತೇನೆ, ಉಳಿದದ್ದೆಲ್ಲ ವಿಡಿಯೊದಲ್ಲಿ ಎಂದಿದ್ದರು. ಎರಡನೆಯವರು ಪುಣೆಯ ಹಿರಿಯ ಅಧಿಕಾರಿ, ದೊಡ್ಡ ಅನುಭವಸ್ಥರು, ಕನ್ನಡ ಓದಲು ಬಾರದು. ನಮ್ಮ ಓಚರುಗಳೆಲ್ಲ ಕನ್ನಡದಲ್ಲಿವೆ ಎಂದು ನಾನು ಮೊದಲೇ ಹೇಳಿದ್ದರೂ ಅವರ ವಿವರ ಕಳಿಸಿದ್ದು ಸೇವೆಯ ತಪ್ಪು. ಮೂರನೆಯವಳು ಮೂವತ್ನಾಲ್ಕು ವರ್ಷದ ಹೆಣ್ಣುಮಗಳು, ಹುಟ್ಟೂರು ಬಸವನ ಬಾಗೇವಾಡಿ ತಾಲೂಕು, ಈಗ ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಲೆಕ್ಕ ವಿಭಾಗದಲ್ಲಿ ಕೆಲಸ. ಅವಳ ವಿವರದ ಕೊನೆಯ ಸಾಲು ನನಗೆ ಇಂದಿಗೂ ನೆನಪಿದೆ. ಹಾಸ್ಟೆಲಿನಲ್ಲಿದ್ದು ಓದಿದವಳು ತಾನು, ಅಲ್ಲಿಯ ಅನ್ನದ ಲೆಕ್ಕವನ್ನು ಯಾರು ಬರೆಯುತ್ತಿದ್ದರೋ ತನಗೆ ಆಗ ಗೊತ್ತಿರಲಿಲ್ಲ ಎಂದು ಬರೆದಿದ್ದಳು.

ಈ ಸೇವೆಯ ಎರಡನೆಯ ಒಳ್ಳೆಯ ಗುಣ ಮೂರು ಸಭೆಗಳ ನಿಯಮ. ಬಂದವರನ್ನು ನೇರವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವಂತಿಲ್ಲ. ಮೂರು ಸಭೆಗೆ ಅತಿಥಿಯಾಗಿ ಬರಬೇಕು. ಪ್ರಶ್ನೆ ಕೇಳಬಹುದು, ಮತ ಹಾಕುವಂತಿಲ್ಲ. ಮೂರನೆಯ ಸಭೆ ಮುಗಿದ ಮೇಲೆ ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಫೋನಿನಲ್ಲಿ ಕೇಳುತ್ತಾರೆ. ಯಾರು ಬೇಡವೆಂದರೂ ಮುಗಿಯಿತು, ಕಾರಣ ಹೇಳಬೇಕಿಲ್ಲ. ಮಕ್ಕಳಿರುವ ಸಂಸ್ಥೆಯಾದ್ದರಿಂದ ಪೊಲೀಸ್ ಪರಿಶೀಲನೆಯ ಪತ್ರವನ್ನು ಅವರೇ ತರಿಸಿದ್ದರು. ಇದು ನನಗೆ ಹೊಳೆದೇ ಇರಲಿಲ್ಲ. ಪರಿಚಯದವರೆಂದು ಇಷ್ಟು ವರ್ಷ ಯಾರನ್ನೂ ಕೇಳದೆ ಒಳಗೆ ಬಿಟ್ಟುಕೊಂಡಿದ್ದೆವಲ್ಲ ಎಂದು ಈಗ ಎದೆ ಝಲ್ಲೆನ್ನುತ್ತದೆ.

ಮೇ 10, ಎರಡನೆಯ ಶನಿವಾರ, ಸಕ್ಕರೆ ಕಾರ್ಖಾನೆಯ ಆ ಹೆಣ್ಣುಮಗಳು ಮೊದಲ ಸಲ ಬಂದಳು. ಬಿಸಿಲಲ್ಲಿ ಬಸ್ಸಿನಿಂದಿಳಿದು ಬಂದವಳು ನೀರು ಕುಡಿದು, ಮಕ್ಕಳ ಅಡುಗೆಮನೆ ನೋಡಿ, ಆಮೇಲೆ ವಹಿಯ ಮುಂದೆ ಕುಳಿತಳು. ಅವಳ ಮೊದಲ ಪ್ರಶ್ನೆ: “10ಬಿಡಿ ತುಂಬಿದ್ದೀರಾ?” ನನಗೆ ಅರ್ಥವಾಗಲಿಲ್ಲ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಇರುವ ಸಂಸ್ಥೆಗಳು ಹಿಂದಿನ ಹಣಕಾಸು ವರ್ಷದಲ್ಲಿ ಯಾರು ಎಷ್ಟು ದೇಣಿಗೆ ಕೊಟ್ಟರು ಎಂಬ ವಿವರವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡಬೇಕಿತ್ತು; ಅದು ಆಗಿನ ನಮೂನೆ 10ಬಿಡಿ. ಕೊಟ್ಟ ಮೇಲೆ ದಾನಿಗೆ 10ಬಿಇ ಎಂಬ ಪ್ರಮಾಣಪತ್ರ ಹೋಗುತ್ತಿತ್ತು, ಅದಿಲ್ಲದೆ ದಾನಿಗೆ ತೆರಿಗೆ ರಿಯಾಯಿತಿ ಸಿಗುತ್ತಿರಲಿಲ್ಲ. ತಡವಾದರೆ ಸಂಸ್ಥೆಗೆ ದಿನಕ್ಕೆ 200 ರೂಪಾಯಿ ಶುಲ್ಕ. ಹಿಂದಿನ ವರ್ಷ ಸೊಲ್ಲಾಪುರದ ನಿವೃತ್ತ ಎಂಜಿನಿಯರರೊಬ್ಬರು 25,000 ರೂಪಾಯಿಯ ಚೆಕ್ ಕೊಟ್ಟು, ಆಮೇಲೆ ಎರಡು ಸಲ ಪತ್ರ ಬರೆದು ಬೇಸರಪಟ್ಟುಕೊಂಡದ್ದು ಯಾಕೆಂದು ನನಗೆ ಆಗ ತಿಳಿಯಿತು. ಅವರಿಗೆ ಸಿಗಬೇಕಾದ ಪ್ರಮಾಣಪತ್ರ ಬಾಕಿ ಉಳಿದದ್ದು ನಮ್ಮಿಂದ. ಲೆಕ್ಕ ಪರಿಶೋಧಕರು ಪ್ಯಾನ್ ಸಂಖ್ಯೆಗಳ ಪಟ್ಟಿ ಕೇಳಿದ್ದರು, ನಾವು ಕೊಟ್ಟಿರಲಿಲ್ಲ.

ಈಗ ವಿವರ ಕೊಡಬೇಕಾದ ವರ್ಷದ ಪಾವತಿ (ರಸೀದಿ) ಪುಸ್ತಕಗಳಲ್ಲಿ 112 ದಾನಿಗಳ ಹೆಸರಿತ್ತು, ಪ್ಯಾನ್ ಇದ್ದದ್ದು 41 ಜನರದು. ಸುಮಾರು ಮೂರು ವಾರ ನಾನೂ ನಮ್ಮ ವಾರ್ಡನ್ ಬಾಯಿಯವರೂ ದಿನಾ ಸಂಜೆ ಫೋನು ಹಿಡಿದು ಕುಳಿತೆವು. ಕೆಲವರು ಪ್ಯಾನ್ ಸಂಖ್ಯೆ ಎಂದೊಡನೆ ಮೋಸದ ಕರೆಯೆಂದು ಫೋನು ಇಟ್ಟರು. ಅವರ ಮನೆಗೆ ಹೋಗಿ ಪಾವತಿ ತೋರಿಸಿ ಬರೆಸಿಕೊಂಡು ಬಂದೆವು. ನಗದಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ದೇಣಿಗೆಗೆ ರಿಯಾಯಿತಿ ಇಲ್ಲ ಎಂಬುದನ್ನು ಈಗ ಪಾವತಿ ಪುಸ್ತಕದ ರಟ್ಟಿನ ಮೇಲೆಯೇ ಅಂಟಿಸಿದ್ದೇವೆ. ಮೇ 29ಕ್ಕೆ ಅವಳು ವಿವರ ಸಲ್ಲಿಸಿದಳು. ಇನ್ನೂ ಅತಿಥಿ, ಸದಸ್ಯಳಲ್ಲ. ಸಹಿ ಅಧ್ಯಕ್ಷರದೇ.

ಎರಡನೆಯ ಸಭೆಯಲ್ಲಿ ಕಿರಾಣಿಯ ವಿಷಯ ಬಂತು. ಇದನ್ನು ವಿವರವಾಗಿ ಹೇಳಲೇಬೇಕು. ನಮ್ಮ ಮಂಡಳಿಯ ಸದಸ್ಯರೊಬ್ಬರ ಅಂಗಡಿಯಿಂದಲೇ ಹದಿನೈದು ವರ್ಷಗಳಿಂದ ಜೋಳ, ತೊಗರಿಬೇಳೆ, ಎಣ್ಣೆ ಬರುತ್ತವೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಕೊರೊನಾ ಕಾಲದಲ್ಲಿ ದೇಣಿಗೆ ನಿಂತಾಗ ನಾಲ್ಕು ತಿಂಗಳು ಉದ್ರಿ ಕೊಟ್ಟು ಮಕ್ಕಳ ಹೊಟ್ಟೆ ತಣ್ಣಗಿಟ್ಟವರು. ಬಿಲ್ಲುಗಳನ್ನು ತಿರುವುತ್ತಿದ್ದವಳು ತಲೆಯೆತ್ತಿ, “ಈ ಅಂಗಡಿ ಯಾರದು?” ಎಂದಳು. ಕೋಣೆಯಲ್ಲಿ ಪಂಖದ ಸದ್ದು ಮಾತ್ರ. ಕಾಕಾ ಎದ್ದು ನಿಂತರು. “ನನ್ನ ಮೇಲೆ ಸಂಶಯವೇ ತಂಗಿ?”

“ಸಂಶಯವಿದ್ದರೆ ಕೇಳುತ್ತಲೇ ಇರಲಿಲ್ಲ ಕಾಕಾ, ಬೇರೆ ಅಂಗಡಿಯ ಹೆಸರು ಹೇಳುತ್ತಿದ್ದೆ. ನಾಳೆ ಇಲಾಖೆಯವರು ಕೇಳಿದಾಗ ನಿಮ್ಮ ಪರವಾಗಿ ಮಾತನಾಡಲು ಒಂದು ಕಾಗದ ಬೇಡವೇ?” ಎಂದಳು. ಸಂಸ್ಥೆಯ ಹಣದಿಂದ ಮಂಡಳಿಯವರಿಗೋ ಅವರ ಸಂಬಂಧಿಕರಿಗೋ ಸಲ್ಲದ ಲಾಭವಾಯಿತೆಂದು ಕಂಡುಬಂದರೆ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ ಎಂದು ಬಿಡಿಸಿ ಹೇಳಿದಳು. ಜುಲೈ ಸಭೆಗೆ ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಎರಡು ಅಂಗಡಿಗಳ ದರಪಟ್ಟಿಯೂ ಕಾಕಾರ ದರಪಟ್ಟಿಯೂ ಬಂದವು. ಕಾಕಾ ತಾವಾಗಿಯೇ ಎದ್ದು ಹೊರಗಿನ ಕಟ್ಟೆಯ ಮೇಲೆ ಕುಳಿತರು, ವಾರ್ಡನ್ ಬಾಯಿ ಅವರಿಗೆ ಚಹ ಕೊಟ್ಟು ಬಂದರು. ಜೋಳಕ್ಕೂ ಬೇಳೆಗೂ ಕಾಕಾರ ದರವೇ ಕಡಿಮೆ. ಶೇಂಗಾ ಎಣ್ಣೆಗೆ ಬೇರೆಯವರದು ಕಡಿಮೆ. ಹಾಗೆಯೇ ಠರಾವು ಬರೆದೆವು: ಇಂಥ ಸದಸ್ಯರು ಈ ವಿಷಯದ ಚರ್ಚೆಯ ಸಮಯದಲ್ಲಿ ಸಭೆಯಲ್ಲಿ ಇರಲಿಲ್ಲ ಎಂಬ ಸಾಲಿನ ಸಮೇತ. ಒಳಗೆ ಬಂದ ಕಾಕಾ ಆ ಸಾಲನ್ನು ಎರಡು ಸಲ ಓದಿ, “ಇದನ್ನು ಮೊದಲೇ ಬರೆದಿದ್ದರೆ ನಾನು ಊರಿನಲ್ಲಿ ಇಷ್ಟು ಮಾತು ಕೇಳುತ್ತಿರಲಿಲ್ಲ” ಎಂದರು. ಅವರು ಅಷ್ಟು ವರ್ಷ ಮಾತು ಕೇಳುತ್ತಿದ್ದರೆಂಬುದೇ ನಮಗೆ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ಅವಳನ್ನು ಖಜಾಂಚಿಯನ್ನಾಗಿ ತೆಗೆದುಕೊಂಡೆವು. ತೆರಿಗೆ ವಿನಾಯಿತಿಯ ನಮ್ಮ ಐದು ವರ್ಷದ ನೋಂದಣಿ 2026ರ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಅದಕ್ಕೆ ಆರು ತಿಂಗಳು ಮೊದಲೇ, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ, ನವೀಕರಣಕ್ಕೆ ಅರ್ಜಿ ಹಾಕಬೇಕಾಗಿತ್ತು. ಅವಳು ಬಾರದೆ ಇದ್ದಿದ್ದರೆ ಆ ದಿನ ನಮ್ಮ ಕಣ್ಣೆದುರೇ ದಾಟಿ ಹೋಗುತ್ತಿತ್ತು. ಸೆಪ್ಟೆಂಬರ್ ಮಧ್ಯದಲ್ಲೇ ಅರ್ಜಿ ಹೋಯಿತು.

ಇನ್ನು ದೂರುಗಳು. ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತು. ಕಾರ್ಖಾನೆಯ ಲೆಕ್ಕದವರಿಗೆ ಆಗ ಹಗಲು ರಾತ್ರಿ ಇಲ್ಲ. ಮೂರು ಸಭೆಗೆ ಅವಳು ಬರಲಾಗಲಿಲ್ಲ. ಓಚರುಗಳ ಫೋಟೋ ಕಳಿಸಿ ಫೋನಿನಲ್ಲೇ ಕೆಲಸ ಸಾಗಿಸಿದೆವು. ಕಾರ್ಖಾನೆಯವರು, ರೈತಾಪಿ ಕೆಲಸದವರು, ಪರೀಕ್ಷೆ ನಡೆಸುವ ಶಿಕ್ಷಕರು ಇವರಿಗೆಲ್ಲ ವರ್ಷದಲ್ಲಿ ಬಿಡುವೇ ಇಲ್ಲದ ತಿಂಗಳುಗಳು ಇರುತ್ತವೆ. ‘ವಾರಕ್ಕೆ ಎಷ್ಟು ಗಂಟೆ’ ಎಂದು ಕೇಳುವ ಅರ್ಜಿ ‘ಯಾವ ತಿಂಗಳು ಆಗುವುದಿಲ್ಲ’ ಎಂದು ಕೇಳುವುದಿಲ್ಲ. ಕೇಳಿದ್ದರೆ ಆ ನಾಲ್ಕು ತಿಂಗಳಿಗೆ ಸಹಾಯಕರೊಬ್ಬರನ್ನು ಮೊದಲೇ ನೋಡಿಕೊಳ್ಳುತ್ತಿದ್ದೆವು.

ಇದಕ್ಕಿಂತ ನನಗೆ ಹೆಚ್ಚು ನೋವಾದದ್ದು ಫೋಟೋದ ವಿಷಯ. ಜೋಡಿ ಕೂಡಿದ ಮೇಲೆ ಸೇವೆಯವರ ಪ್ರಚಾರ ವಿಭಾಗದಿಂದ ಒಬ್ಬರು ಫೋನು ಮಾಡಿ, ನಮ್ಮ ಹುಡುಗಿಯರು ಹೊಸ ಖಜಾಂಚಿಯ ಜೊತೆ ನಿಂತ ಚಿತ್ರ ಬೇಕು, ಒಬ್ಬ ಹುಡುಗಿಯ ಮನೆಯ ಕಷ್ಟವನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಡಿ ಎಂದರು. ಕೊಡುವುದಿಲ್ಲ ಎಂದೆ. ಎರಡು ಸಲ ಮತ್ತೆ ಕೇಳಿದರು. ನಮ್ಮ ಮಕ್ಕಳು ಓದಲು ಬಂದಿದ್ದಾರೆ. ಅವರ ಬಡತನ ಯಾರ ಯಶಸ್ಸಿನ ಕಥೆಗೂ ಸರಕಲ್ಲ. ಮಕ್ಕಳ ರಕ್ಷಣೆಗೆಂದು ಪೊಲೀಸ್ ಪತ್ರ ತರಿಸುವ ಸೇವೆಯೇ ಇದನ್ನು ಕೇಳಿತಲ್ಲ ಎಂಬ ಬೇಸರ ನನಗೆ ಇನ್ನೂ ಹೋಗಿಲ್ಲ. ಬಳಸುವವರು ಮಕ್ಕಳ ಚಿತ್ರ, ಕಥೆ ಕೇಳುವುದಿಲ್ಲ ಎಂದು ಮೊದಲ ದಿನವೇ ಅವರಿಂದ ಬರೆಸಿಕೊಳ್ಳಿ.

ಜೋಡಿಸಿದ ಮೇಲಿನ ವಿಚಾರಣೆಯೂ ಸಾಲದು. ಆರು ತಿಂಗಳಿಗೆ ಒಮ್ಮೆ, ಒಂದರಿಂದ ಐದರವರೆಗೆ ಅಂಕ ಕೊಡಿ ಎಂಬ ಸಂದೇಶ ಬಂತು, ಅಷ್ಟೇ. ಆ ಮೈಸೂರಿನ ಹುಡುಗಿಯಾದರೂ ಒಮ್ಮೆ ಫೋನು ಮಾಡಿದ್ದರೆ ಹಂಗಾಮಿನ ತೊಂದರೆಯನ್ನು ಅವಳಿಗೆ ಹೇಳುತ್ತಿದ್ದೆ.

ಅಂಕ ಕೊಡಿ ಎಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ, ಅದರಲ್ಲಿ ಮೂರು ಆ ಸಂಯೋಜಕಿಗೆ. ಸಣ್ಣ ಸಂಸ್ಥೆಯವರು ಬಳಸಲಿ ಎಂದೇ ಹೇಳುತ್ತೇನೆ. ಬಳಸುವ ಮೊದಲು ನಿಮ್ಮ ನಡಾವಳಿ ಪುಸ್ತಕವನ್ನು ನೀವೇ ಒಮ್ಮೆ ಪುಟ ಪುಟ ತೆರೆದು ನೋಡಿ. ನಿಮ್ಮ ಮಂಡಳಿಯವರು ವಹಿ ತೋರಿಸಲು ಒಪ್ಪದಿದ್ದರೆ ಅರ್ಜಿ ತುಂಬಬೇಡಿ. ಎಷ್ಟೇ ಬಲ್ಲವರು ಬಂದರೂ ಎರಡೇ ಸಭೆಗೆ ಬಿಟ್ಟು ಹೋಗುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ಎರಡನೆಯ ಅರ್ಜಿ ಹಾಕಿದ್ದೇನೆ. ಈ ಸಲ ವಕೀಲರು ಬೇಕಾಗಿದ್ದಾರೆ. ಹಾಸ್ಟೆಲಿನ ಜಾಗದ ಉತಾರದಲ್ಲಿ ಇನ್ನೂ ನನ್ನ ಮಾವನವರ ಹೆಸರೇ ಇದೆ. ಅದು ಸಂಸ್ಥೆಯ ಹೆಸರಿಗೆ ಆಗಬೇಕು. ನಾಲ್ಕು ತಿಂಗಳಾಯಿತು, ವಿಜಯಪುರಕ್ಕೆ ಬರಬಲ್ಲ ಒಬ್ಬರ ವಿವರವೂ ಬಂದಿಲ್ಲ. ಕೇಳಿದರೆ, ನಮ್ಮ ಪಟ್ಟಿಯಲ್ಲಿ ಬೆಂಗಳೂರಿನವರೇ ಹೆಚ್ಚು ಎನ್ನುತ್ತಾರೆ. ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಆಸ್ತಿಯ ವ್ಯವಹಾರ ನೋಡುವ ವಕೀಲರು ಯಾರಾದರೂ ಇದನ್ನು ಓದಿದರೆ ಇಂಥ ಸೇವೆಗಳಲ್ಲಿ ಹೆಸರು ಬರೆಸಿ. ಮಾರ್ಚ್ 14, ಎರಡನೆಯ ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಸಭೆ ಇದೆ. ಹಂಗಾಮು ಮುಗಿಯುವುದರಿಂದ ಅಂದು ಖಜಾಂಚಿಯೂ ಬರುತ್ತಾಳೆ. ಉತಾರದ ಪ್ರತಿಯನ್ನು ತೆಗೆಸಿ ಇಟ್ಟಿದ್ದೇನೆ.